ಹಲ್ಲಿಗೊಂದು ಟೋಪಿ: ಲೋಹದ್ದೋ, ಪಿಂಗಾಣಿಯದೋ, ಜಿರ್ಕೋನಿಯಾದ್ದೋ?



ನಾಲಗೆಯ ತುದಿಯನ್ನು ಒಮ್ಮೆ ನಿಮ್ಮ ಕೆಳದವಡೆಯ ಹಿಂಬದಿಯ ಹಲ್ಲುಗಳ ಮೇಲೆ ಆಡಿಸಿ ನೋಡಿ. ಸಣ್ಣ ಸಣ್ಣ ಗುಡ್ಡಗಳು, ಅವುಗಳ ನಡುವೆ ಕಣಿವೆಗಳು ಇರುವುದು ನಿಮ್ಮ ಗಮನಕ್ಕೆ ಬರುತ್ತದೆ. ಆ ಗುಡ್ಡಗಳ ಮೇಲ್ಪದರವೇ ಎನಾಮೆಲ್. ನಮ್ಮ ಶರೀರದಲ್ಲಿ ಇದಕ್ಕಿಂತ ಗಡುಸಾದ ಪದಾರ್ಥ ಮತ್ತೊಂದಿಲ್ಲ. ತೂಕದಲ್ಲಿ ಅದರ ಶೇಕಡ 96ರಷ್ಟು ಭಾಗ ಖನಿಜ. ಹೆಚ್ಚು ದಪ್ಪವಿರುವ ಕಡೆಯೂ ಎರಡು, ಎರಡೂವರೆ ಮಿಲಿಮೀಟರಿಗಿಂತ ಹೆಚ್ಚಿಲ್ಲ. ಅದರ ಕೆಳಗೆ ಡೆಂಟೀನ್ ಎಂಬ, ಸ್ವಲ್ಪ ಮೆದುವಾದ ಮತ್ತು ಸ್ವಲ್ಪ ಬಾಗಬಲ್ಲ ಪದರ. ಅದರೊಳಗೆ ನರ, ರಕ್ತನಾಳಗಳಿರುವ ತಿರುಳು.

ಎನಾಮೆಲ್ ವಿಷಯದಲ್ಲಿ ಪ್ರಕೃತಿ ಒಂದು ಜಿಪುಣತನ ತೋರಿದೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ. ಎನಾಮೆಲ್ ಹೋದರೆ ಹೋಯಿತು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಅಳಿದುಹೋಗಿರುತ್ತವೆ. ಆದ್ದರಿಂದ ಹಲ್ಲು ಹುಳುಕಾಗಿ ಅರ್ಧ ಒಡೆದಾಗ, ಇಲ್ಲವೆ ರೂಟ್ ಕೆನಾಲ್ ಚಿಕಿತ್ಸೆಯಾಗಿ ಟೊಳ್ಳಾದಾಗ, ಉಳಿದ ಗೋಡೆಗಳು ಸೀಳದಂತೆ ಸುತ್ತಲೂ ಹಿಡಿದಿಡುವ ಒಂದು ಕವಚವನ್ನು ನಾವೇ ಮಾಡಿ ಹೊದಿಸಬೇಕಾಗುತ್ತದೆ. ವೈದ್ಯರು ಇದಕ್ಕೆ ಕ್ರೌನ್ ಎನ್ನುತ್ತಾರೆ, ಜನ ಕ್ಯಾಪ್ ಎನ್ನುತ್ತಾರೆ. ಟೋಪಿ ಎಂದರೂ ತಪ್ಪಿಲ್ಲ. ‘ಟೋಪಿ ಹಾಕಿಸಿಕೊಳ್ಳುವುದು’ ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ. ಅದು ಆಗದಿರಲಿ ಎಂಬುದೇ ಈ ಭಾಷಣದ ಅರ್ಧ ಉದ್ದೇಶ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ನೀವು ಬಸವಕಲ್ಯಾಣದ ಹತ್ತಿರದ ನಾರಾಯಣಪುರದವರು. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೀರಿ. ಒಕ್ಕಲುತನ ಮಾಡುವ ನಿಮ್ಮ ಕಾಕಾ ಅವರಿಗೆ ಖಡಕ್ ರೊಟ್ಟಿ ಕಡಿಯುವಾಗ ದವಡೆ ಹಲ್ಲೊಂದು ಚಟ್ಟೆಂದು ಸಿಡಿಯಿತು. ನೋವು ತಡೆಯಲಾರದೆ ಹುಮನಾಬಾದಿಗೆ ಹೋದರು. ಅಲ್ಲಿ ದಂತ ವೈದ್ಯಕೀಯ ಕಾಲೇಜು ಇರುವುದು ನಿಮಗೆ ಗೊತ್ತೇ ಇದೆ, ಬೀದರಿನಲ್ಲೂ ಒಂದಿದೆ. ರೂಟ್ ಕೆನಾಲ್ ಮುಗಿಯಿತು. ಇನ್ನು ಕ್ಯಾಪ್ ಹಾಕಬೇಕು. ಮೇಜಿನ ಮೇಲೆ ಮೂರು ಮಾದರಿ ಇಟ್ಟರು. ಒಂದು ಬೆಳ್ಳಿಯಂತೆ ಹೊಳೆಯುವ ಲೋಹದ್ದು, ಅಗ್ಗ. ಎರಡನೆಯದು ಒಳಗೆ ಲೋಹ, ಹೊರಗೆ ಪಿಂಗಾಣಿ. ಮೂರನೆಯದು ಪೂರ್ತಿ ಬಿಳಿ, ಬೆಲೆ ಮೊದಲನೆಯದರ ಹಲವು ಪಟ್ಟು. ಕಾಕಾ ಮನೆಗೆ ಬಂದು ಕೇಳುತ್ತಾರೆ: “ನೀ ಸೈನ್ಸ್ ಓದ್ತೀಯಲ್ಲಪಾ, ಯಾವುದ ಹಾಕಸ್ಲಿ ಹೇಳು.”

ಒಂದು ಹಂಗಾಮಿನ ಬೀಜ ಗೊಬ್ಬರದ ದುಡ್ಡಿನ ಪ್ರಶ್ನೆ ಇದು. ತಪ್ಪಿದರೆ ಹಲ್ಲೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಏನು ಹೇಳುತ್ತೀರಿ?

ಮೊದಲು, ಆ ಕ್ಯಾಪ್ ಎಂತಹ ಜಾಗದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಯೋಚಿಸೋಣ. ವಯಸ್ಕರು ಹಿಂಬದಿಯ ಹಲ್ಲುಗಳಿಂದ ಬಲವಾಗಿ ಕಚ್ಚಿದಾಗ ಬೀಳುವ ಒತ್ತಡ 50ರಿಂದ 70 ಕಿಲೋಗ್ರಾಂ ತೂಕಕ್ಕೆ ಸಮ. ಒಂದು ಗೋಣಿ ಸಿಮೆಂಟು 50 ಕಿಲೋ ಎಂಬುದನ್ನು ನೆನೆಸಿಕೊಳ್ಳಿ. ಇದರ ಜೊತೆಗೆ ಬಾಯಿ ಎಂಬುದು ಸದಾ ತೇವ, ಉಪ್ಪು ನೀರಿನಂತಹ ಲಾಲಾರಸ, ಆಗಾಗ ಹುಣಸೆ ನಿಂಬೆಯ ಹುಳಿ. ಬಿಸಿ ಚಹಾದ ಬೆನ್ನಿಗೇ ತಣ್ಣೀರು. ಲೋಹವನ್ನು ತುಕ್ಕು ಹಿಡಿಸಬೇಕೆಂದೇ ಯಾರೋ ಪ್ರಯೋಗಶಾಲೆ ಕಟ್ಟಿದ್ದರೆ ಹೀಗೇ ಕಟ್ಟುತ್ತಿದ್ದರು.

ಹಳೆಯ ತಲೆಮಾರಿನವರು ಇದಕ್ಕೆ ಕಂಡುಕೊಂಡ ಉತ್ತರ ಚಿನ್ನ. ಚಿನ್ನದ ಹಲ್ಲು ಹಾಕಿಸಿಕೊಂಡ ಹಿರಿಯರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಬರೀ ಡೌಲು ಎಂದು ನಗಬೇಡಿ. ಚಿನ್ನ ತುಕ್ಕು ಹಿಡಿಯುವುದಿಲ್ಲ. ತಾಮ್ರ, ಬೆಳ್ಳಿ, ಪ್ಲಾಟಿನಂ, ಪಲ್ಲಾಡಿಯಂ ಬೆರೆಸಿ ಗಟ್ಟಿಮಾಡಿದ ಚಿನ್ನ ಎದುರು ಹಲ್ಲನ್ನು ಸವೆಸುವುದಿಲ್ಲ, ಹೆಚ್ಚು ಕಡಿಮೆ ಎನಾಮೆಲ್‌ನಂತೆಯೇ ತಾನೂ ನಿಧಾನವಾಗಿ ಸವೆಯುತ್ತದೆ. ಅಂಚನ್ನು ಹಲ್ಲಿಗೆ ಒತ್ತಿ ಉಜ್ಜಿ ಕೂಡಿಸಬಹುದು. 1907ರಲ್ಲಿ ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚಿನಿಂದ ಚಿನ್ನದ ಎರಕ ಹೊಯ್ಯುವ ವಿಧಾನವನ್ನು ದಂತವೈದ್ಯರ ಮುಂದಿಟ್ಟ. ಮೇಣದಲ್ಲಿ ರೂಪ ಮಾಡಿ, ಸುತ್ತ ಮಣ್ಣು ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಸುರಿಯುವ ಈ ಕ್ರಮ ನಮ್ಮ ಪಂಚಲೋಹ ವಿಗ್ರಹ ಮಾಡುವವರಿಗೆ ಶತಮಾನಗಳಿಂದ ಗೊತ್ತಿದ್ದದ್ದೇ. ಹಲ್ಲಿನಂತಹ ಸಣ್ಣ ವಸ್ತುವಿಗೆ, ಕೂದಲೆಳೆಯ ನಿಖರತೆಯಲ್ಲಿ ಅದನ್ನು ಒಗ್ಗಿಸಿದ್ದು ಟ್ಯಾಗರ್ಟನ ಸಾಧನೆ.

ಚಿನ್ನವನ್ನು ಹಲ್ಲಿನಿಂದ ಓಡಿಸಿದ್ದು ರಸಾಯನಶಾಸ್ತ್ರವಲ್ಲ, ಅರ್ಥಶಾಸ್ತ್ರ. ಔನ್ಸಿಗೆ 35 ಡಾಲರ್ ಎಂದು ಕಟ್ಟಿಹಾಕಿದ್ದ ಚಿನ್ನದ ಬೆಲೆಯ ಕಟ್ಟು 1971ರಲ್ಲಿ ಬಿಚ್ಚಿತು. 1980ರ ಜನವರಿಯಲ್ಲಿ ಅದು 800 ಡಾಲರನ್ನೂ ದಾಟಿತು. ದಂತ ಪ್ರಯೋಗಾಲಯಗಳು ಅಗ್ಗದ ಲೋಹ ಹುಡುಕಿದವು. ಸಿಕ್ಕಿದ್ದು ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹ. ಕಾಕಾ ಅವರ ಮುಂದಿಟ್ಟ ಮೊದಲ ಮಾದರಿ ಬಹುಮಟ್ಟಿಗೆ ಇದೇ.

ಇಲ್ಲಿ ಬೀದರ್ ಜಿಲ್ಲೆಯ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಮಿಶ್ರಲೋಹ ಎಂದರೇನು ಎಂದು ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ, ಬಿದರಿ ಕಲೆ ನಿಮ್ಮ ಊರಿನದು. ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಉಜ್ಜಿದಾಗ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಅಲ್ಲಿ ಲೋಹದ ಮೇಲ್ಮೈ ಬದಲಾಗುವುದೇ ಸೊಗಸು. ಬಾಯಿಯಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಮೇಲ್ಮೈ ಒಮ್ಮೆ ಬದಲಾಗಿ ಅಲ್ಲಿಗೇ ನಿಲ್ಲಬೇಕು. ಕ್ರೋಮಿಯಂ ಮಾಡುವ ಕೆಲಸ ಅದು. ಗಾಳಿ ತಾಗಿದೊಡನೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟಿಕೊಂಡು, ಒಳಗಿನ ಲೋಹಕ್ಕೆ ಬಾಗಿಲು ಹಾಕಿಬಿಡುತ್ತದೆ. ನಿಮ್ಮ ಮನೆಯ ಸ್ಟೀಲ್ ತಟ್ಟೆ ತುಕ್ಕು ಹಿಡಿಯದಿರುವುದೂ ಇದರಿಂದಲೇ. ಮಿಶ್ರಣದಲ್ಲಿ ಕ್ರೋಮಿಯಂ ಸಾಲದಾದರೆ ಪೊರೆ ಸಡಿಲವಾಗಿ ನಿಕ್ಕಲ್ ಕರಗಿ ಹೊರಬರತೊಡಗುತ್ತದೆ.

ನಿಕ್ಕಲ್ ಎಲ್ಲರಿಗೂ ಒಗ್ಗುವುದಿಲ್ಲ. ಅಗ್ಗದ ಓಲೆ ಹಾಕಿಕೊಂಡಾಗ ಕಿವಿ ಕೆಂಪಾಗಿ ಸೋರುವುದು, ಗಡಿಯಾರದ ಪಟ್ಟಿಯ ಕೆಳಗೆ ತುರಿಕೆ, ಇವು ಅನೇಕ ವೇಳೆ ನಿಕ್ಕಲ್ ಅಲರ್ಜಿಯ ಲಕ್ಷಣಗಳು. ಕಿವಿ ಚುಚ್ಚಿಸಿಕೊಳ್ಳುವ ರೂಢಿಯಿಂದಾಗಿ ಹೆಂಗಸರಲ್ಲಿ ಇದು ಹೆಚ್ಚು. ಅಂಥವರು ಕ್ಯಾಪ್ ಹಾಕಿಸುವ ಮೊದಲು ವೈದ್ಯರಿಗೆ ಆ ಮಾತನ್ನು ಹೇಳಲೇಬೇಕು. ಅವರಿಗೆ ಕೋಬಾಲ್ಟ್ ಕ್ರೋಮಿಯಂ ಇದೆ, ಲೋಹವೇ ಇಲ್ಲದ ಕ್ಯಾಪ್ ಇದೆ. ನಿಮ್ಮ ಅವ್ವನಿಗೆ ಓಲೆ ಒಗ್ಗುವುದಿಲ್ಲ ಎಂಬ ಸಣ್ಣ ಸಂಗತಿ ಹಲ್ಲಿನ ಆಸ್ಪತ್ರೆಯಲ್ಲಿ ದೊಡ್ಡ ಸಂಗತಿಯಾಗುವುದು ಹೀಗೆ.

ರೋಗಿಗಿಂತ ಹೆಚ್ಚು ಅಪಾಯ ಎದುರಿಸುವವರು ಇನ್ನೊಬ್ಬರಿದ್ದಾರೆ, ಅವರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಕೆಲವು ನಿಕ್ಕಲ್ ಮಿಶ್ರಲೋಹಗಳಿಗೆ ಎರಕ ಸಲೀಸಾಗಲೆಂದು ಬೆರಿಲಿಯಂ ಸೇರಿಸುತ್ತಿದ್ದರು. ಆ ಕ್ಯಾಪನ್ನು ಉಜ್ಜಿ ನಯಮಾಡುವಾಗ ಏಳುವ ದೂಳು ತಂತ್ರಜ್ಞನ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಬಲ್ಲದು. ಬೆರಿಲಿಯಂ ಇಲ್ಲದ ಮಿಶ್ರಲೋಹಗಳು ಸಾಕಷ್ಟಿವೆ, ಅಂತಾರಾಷ್ಟ್ರೀಯ ಮಾನಕಗಳೂ ಅದನ್ನು ಹೊರಗಿಡಲು ಹೇಳುತ್ತವೆ. ನಮ್ಮ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾನು ನೋಡಿದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಲೋಹ ಉಜ್ಜುತ್ತಿದ್ದರು. ಕರವಸ್ತ್ರ ಆ ದೂಳನ್ನು ತಡೆಯುವುದಿಲ್ಲ. ಲೋಹದ ಹೆಸರೇನು, ಅದರಲ್ಲಿ ಏನೇನಿದೆ ಎಂದು ರೋಗಿಯ ಕಡೆಯವರು ಕೇಳತೊಡಗಿದರೆ ಆ ಹುಡುಗರಿಗೂ ಉಪಕಾರವಾದೀತು.

ಇನ್ನು ಎರಡನೆಯ ಮಾದರಿ. ಲೋಹದ ಬಣ್ಣ ಯಾರಿಗೂ ಬೇಡ. ಬರೀ ಪಿಂಗಾಣಿಯಲ್ಲಿ ಮಾಡೋಣವೆಂದರೆ ಅದು ಒಡೆಯುತ್ತದೆ. ಏಕೆ? ಉತ್ತರ ನಾರಾಯಣಪುರದಲ್ಲೇ ನಿಂತಿದೆ. ಅಲ್ಲಿರುವ ಕಲ್ಯಾಣ ಚಾಳುಕ್ಯರ ಕಾಲದ ದೇವಾಲಯದೊಳಗೆ ಹೋದಾಗ ಶಿಲಾಬಾಲಿಕೆಯರನ್ನು ಮಾತ್ರ ನೋಡಿ ಬರಬೇಡಿ, ಕಂಬಗಳ ನಡುವಿನ ಅಂತರವನ್ನೂ ನೋಡಿ. ಹತ್ತಿರ ಹತ್ತಿರ ಕಂಬಗಳು, ಅವುಗಳ ಮೇಲೆ ಗಿಡ್ಡ ತೊಲೆಗಳು. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಉದ್ದ ತೊಲೆಯ ಮೇಲೆ ಭಾರ ಬಿದ್ದರೆ ಅದರ ಕೆಳಮೈ ಹಿಗ್ಗಲು ನೋಡುತ್ತದೆ, ಅಲ್ಲೊಂದು ಕೂದಲು ಬಿರುಕಿದ್ದರೂ ಸಾಕು, ತೊಲೆ ಎರಡಾಗುತ್ತದೆ. ಶಿಲ್ಪಿಗಳಿಗೆ ಇದು ಗೊತ್ತಿತ್ತು. ಪಿಂಗಾಣಿಯ ಸ್ವಭಾವವೂ ಇದೇ. ಒತ್ತಿದರೆ ಗಟ್ಟಿ, ಬಗ್ಗಿಸಿದರೆ ದುರ್ಬಲ. ಹಳೆಯ ದಂತ ಪಿಂಗಾಣಿಯ ಬಾಗುಬಲ ಬರೀ 60ರಿಂದ 100 ಮೆಗಾಪಾಸ್ಕಲ್.

ಆದ್ದರಿಂದ ಒಳಗೆ ಲೋಹದ ಟೊಪ್ಪಿಗೆ, ಅದರ ಮೇಲೆ ಪಿಂಗಾಣಿಯ ಲೇಪ ಕೊಟ್ಟು ಕುಲುಮೆಯಲ್ಲಿ ಸುಡುವ ಉಪಾಯ ಬಂತು. ಕೇಳುವುದಕ್ಕೆ ಸುಲಭ. ಆದರೆ ಲಾಟೀನಿನ ಬಿಸಿ ಗಾಜಿನ ಮೇಲೆ ನೀರಿನ ಹನಿ ಬಿದ್ದರೆ ಏನಾಗುತ್ತದೆ ಎಂಬುದು ಹಿರಿಯರಿಗೆ ಗೊತ್ತು. ಒಂದೇ ಗಾಜಿನ ಎರಡು ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದರೇ ಅದು ಸಿಡಿಯುತ್ತದೆ. ಲೋಹವೂ ಪಿಂಗಾಣಿಯೂ ಒಂದಕ್ಕೊಂದು ಅಂಟಿಕೊಂಡು ತಣ್ಣಗಾಗುವಾಗ ಇನ್ನೇನಾಗಬೇಕು? ಸಾಧಾರಣ ದಂತ ಪಿಂಗಾಣಿಯ ಉಷ್ಣ ವ್ಯಾಕೋಚನ ಲೋಹದ್ದಕ್ಕಿಂತ ತೀರ ಕಡಿಮೆ. 1962ರಲ್ಲಿ ಅಮೆರಿಕದಲ್ಲಿ ವೈನ್‌ಸ್ಟೈನ್ ಮತ್ತು ಅವರ ಸಂಗಡಿಗರು ಪಡೆದ ಪೇಟೆಂಟು ಈ ಗಂಟನ್ನು ಬಿಡಿಸಿತು. ಪಿಂಗಾಣಿಯಲ್ಲಿ ಲ್ಯೂಸೈಟ್ ಎಂಬ ಖನಿಜದ ಹರಳುಗಳು ಮೂಡುವಂತೆ ಮಾಡಿ, ಅದರ ವ್ಯಾಕೋಚನವನ್ನು ಲೋಹದ ಮಟ್ಟಕ್ಕೆ ಏರಿಸಿದರು. ಪೂರ್ತಿ ಸಮ ಮಾಡಲಿಲ್ಲ, ಬೇಕೆಂದೇ ಒಂದು ಕೂದಲೆಳೆ ಕಡಿಮೆ ಇಟ್ಟರು. ಆಗ ತಣಿಯುವ ಲೋಹ ತುಸು ಹೆಚ್ಚು ಕುಗ್ಗಿ ಪಿಂಗಾಣಿಯನ್ನು ಸದಾ ಅದುಮಿ ಹಿಡಿಯುತ್ತದೆ. ಎಳೆತಕ್ಕೆ ಹೆದರುವ ವಸ್ತುವನ್ನು ಮೊದಲೇ ಒತ್ತಡದಲ್ಲಿ ಇಟ್ಟುಬಿಡುವ ಜಾಣತನ ಇದು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಸಿ ಹೊದಿಸಿ ನೀರು ಹುಯ್ಯುವ ಕಂಬಾರನ ಜಾಣತನವೂ ಇದರ ಹತ್ತಿರದ ನೆಂಟನೇ.

ಈ ಬಗೆಯ ಕ್ಯಾಪ್‌ಗಳು ದಶಕಗಳ ಕಾಲ ಲಕ್ಷಾಂತರ ಬಾಯಿಗಳಲ್ಲಿ ಕೆಲಸ ಮಾಡಿವೆ. ಆದರೆ ಎರಡು ತೊಡಕು. ಲೋಹಕ್ಕೂ ಜಾಗ ಬೇಕು, ಅದರ ಬಣ್ಣ ಮುಚ್ಚುವ ಪದರಕ್ಕೂ ಜಾಗ ಬೇಕು, ಮೇಲಿನ ಪಿಂಗಾಣಿಗೂ ಬೇಕು. ಹಾಗಾಗಿ ಕಚ್ಚುವ ಮೇಲ್ಮೈಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ಹಲ್ಲನ್ನು ಅರೆದು ತೆಗೆಯಬೇಕಾಗುತ್ತದೆ. ಪೂರ್ತಿ ಲೋಹದ ಕ್ಯಾಪಿಗೆ ಅಷ್ಟು ಅರೆಯಬೇಕಿಲ್ಲ. ಎರಡನೆಯದಾಗಿ, ಗಟ್ಟಿ ಪದಾರ್ಥ ಕಡಿದಾಗ ಪಿಂಗಾಣಿಯ ಚಕ್ಕೆ ಹಾರಬಹುದು. ವರ್ಷಗಳು ಕಳೆದು ಒಸಡು ಕೆಳಗಿಳಿದಾಗ ಅಂಚಿನಲ್ಲಿ ಬೂದು ಗೆರೆಯೊಂದು ಇಣುಕುವುದೂ ಉಂಟು.

ಮೂರನೆಯ ಮಾದರಿ ಜಿರ್ಕೋನಿಯಾ. ಇದರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ, ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಕಡಲ ತೀರದ ಮರಳಿನಲ್ಲಿ ಜಿರ್ಕಾನ್ ಎಂಬ ಖನಿಜವಿದೆ. ಹುಮನಾಬಾದಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಹೈದರಾಬಾದು ಸಿಗುತ್ತದಲ್ಲ, ಅಲ್ಲಿಯ ಪರಮಾಣು ಇಂಧನ ಸಂಕೀರ್ಣದಲ್ಲಿ ಈ ಮರಳಿನಿಂದ ಜಿರ್ಕೋನಿಯಂ ಲೋಹ ತೆಗೆದು, ನಮ್ಮ ಕೈಗಾದಂತಹ ಅಣು ವಿದ್ಯುತ್ ಸ್ಥಾವರಗಳ ಇಂಧನ ಕೊಳವೆಗಳನ್ನು ಮಾಡುತ್ತಾರೆ. ಜಿರ್ಕೋನಿಯಂ ಜೊತೆ ಹಾಫ್ನಿಯಂ ಎಂಬ ಧಾತು ಅವಳಿಯಂತೆ ಅಂಟಿಕೊಂಡಿರುತ್ತದೆ. ಅದು ನ್ಯೂಟ್ರಾನುಗಳನ್ನು ನುಂಗುವುದರಿಂದ ಸ್ಥಾವರಕ್ಕೆ ಹೋಗುವ ಲೋಹದಿಂದ ಅದನ್ನು ಬಹಳ ಕಷ್ಟಪಟ್ಟು ಬೇರ್ಪಡಿಸುತ್ತಾರೆ. ಹಲ್ಲಿಗೆ ಆ ಚಿಂತೆಯಿಲ್ಲ, ಹಾಫ್ನಿಯಂ ಇದ್ದರೆ ಇರಲಿ ಎಂದು ಬಿಟ್ಟುಬಿಡುತ್ತಾರೆ. ಹಲ್ಲಿಗೆ ಬಳಸುವುದು ಲೋಹವನ್ನಲ್ಲ, ಅದರ ಆಕ್ಸೈಡನ್ನು. ಅದೇ ಜಿರ್ಕೋನಿಯಾ.

ಶುದ್ಧ ಜಿರ್ಕೋನಿಯಾ ಒಂದು ವಿಚಿತ್ರ ಪ್ರಾಣಿ. ಸಾಮಾನ್ಯವಾಗಿ ವಸ್ತುಗಳು ತಣಿದಾಗ ಕುಗ್ಗುತ್ತವೆ. ಇದು ಸುಮಾರು 1,170 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವಾಗ ಹರಳಿನ ಜೋಡಣೆಯನ್ನೇ ಬದಲಿಸಿ, ಗಾತ್ರದಲ್ಲಿ ಶೇಕಡ 4ರಿಂದ 5ರಷ್ಟು ಹಿಗ್ಗುತ್ತದೆ. ಸುಟ್ಟು ತೆಗೆದ ಬಿಲ್ಲೆ ತಣಿಯುತ್ತಲೇ ಚೂರುಚೂರು. ಸ್ವಲ್ಪ ಇಟ್ರಿಯಾ ಬೆರೆಸಿದರೆ, ತೂಕದಲ್ಲಿ ಸುಮಾರು ಶೇಕಡ 5, ಆ ಬದಲಾವಣೆ ತಡೆದು ನಿಲ್ಲುತ್ತದೆ. ಹರಳುಗಳು ಹಿಗ್ಗಲು ಕಾತರದಿಂದ ಕಾಯುತ್ತಿರುತ್ತವೆ, ಆದರೆ ಹಿಗ್ಗಲಾರವು. ಈಗ ಅದರಲ್ಲೊಂದು ಬಿರುಕು ಹುಟ್ಟಿತೆನ್ನಿ. ಬಿರುಕಿನ ತುದಿಯ ಸುತ್ತ ಬಿಗಿ ಸಡಿಲುತ್ತದೆ, ಅಲ್ಲಿನ ಹರಳುಗಳು ಥಟ್ಟನೆ ಹಿಗ್ಗಿ ಬಿರುಕಿನ ಬಾಯನ್ನು ಅದುಮಿ ಮುಚ್ಚುತ್ತವೆ. ತಣಿಯುವಾಗ ಒಡೆಯಲು ಕಾರಣವಾಗಿದ್ದ ಗುಣವೇ ಒಡೆಯದಂತೆ ಕಾಯುವ ಗುಣವಾಯಿತು! ಇಂತಹ ಬಲಪಡಿಸುವಿಕೆಯನ್ನು 1975ರಲ್ಲಿ ಆಸ್ಟ್ರೇಲಿಯದ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೋ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದಾಗ, ಇದೇನು ಪಿಂಗಾಣಿಯ ಉಕ್ಕೇ ಎಂಬರ್ಥದ ಶೀರ್ಷಿಕೆ ಕೊಟ್ಟಿದ್ದರು. ಇಂದಿನ ಗಟ್ಟಿ ದಂತ ಜಿರ್ಕೋನಿಯಾದ ಬಾಗುಬಲ 900ರಿಂದ 1,200 ಮೆಗಾಪಾಸ್ಕಲ್, ಹಳೆಯ ಪಿಂಗಾಣಿಗಿಂತ ಹತ್ತು ಪಟ್ಟು.

ಇಟ್ರಿಯಾ ಇನ್ನೂ ಹೆಚ್ಚಿಸಿದರೆ? ಹರಳು ಹೆಚ್ಚು ಪಾರಕವಾಗುತ್ತದೆ, ನಿಜವಾದ ಹಲ್ಲಿನಂತೆ ಬೆಳಕು ಒಳಹೋಗುತ್ತದೆ. ಆದರೆ ಹಿಗ್ಗುವ ಆ ಶಕ್ತಿ ಕುಂದಿ ಬಲ ಕಡಿಮೆಯಾಗುತ್ತದೆ. ಆಭರಣದಂಗಡಿಯ ಅಮೆರಿಕನ್ ಡೈಮಂಡ್ ಇದೇ ದಾರಿಯ ಕೊನೆಯಲ್ಲಿದೆ, ಅದೂ ಜಿರ್ಕೋನಿಯಾವೇ. ಆದ್ದರಿಂದ ‘ಜಿರ್ಕೋನಿಯಾ’ ಎಂಬ ಒಂದೇ ಹೆಸರಿನಲ್ಲಿ ಮುಂಬದಿಗೆ ಹೊಂದುವ ಅಂದದ ಬಗೆಯೂ ಇದೆ, ಹಿಂಬದಿಗೆ ಹೊಂದುವ ಗಟ್ಟಿ ಬಗೆಯೂ ಇದೆ. ಯಾವ ಬಗೆ ಎಂದು ಕೇಳದೆ ಬರೀ ಹೆಸರಿಗೆ ದುಡ್ಡು ಕೊಡಬಾರದು. ಮುಂಬದಿಯ ಹಲ್ಲಿಗೆ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಬಗೆಯ ಪಿಂಗಾಣಿಯೂ ಇದೆ. ಬಲ 400 ಮೆಗಾಪಾಸ್ಕಲ್ ಆಸುಪಾಸು, ನೋಟ ಬಲು ಚೆನ್ನ.

ಜಿರ್ಕೋನಿಯಾ ಕ್ಯಾಪನ್ನು ಎರಕ ಹೊಯ್ಯಲಾಗುವುದಿಲ್ಲ, ಅದು ಕರಗಲು ಸುಮಾರು 2,700 ಡಿಗ್ರಿ ಬೇಕು. ಅರ್ಧ ಸುಟ್ಟ, ಸೀಮೆಸುಣ್ಣದಂತೆ ಮೆದುವಾದ ಬಿಲ್ಲೆಯಿಂದ ಕಂಪ್ಯೂಟರ್ ನಡೆಸುವ ಯಂತ್ರ ಅದನ್ನು ಕೊರೆಯುತ್ತದೆ. ಆಮೇಲೆ 1,500 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಆಗ ಅದು ಉದ್ದಗಲಗಳಲ್ಲಿ ಶೇಕಡ 20ಕ್ಕೂ ಮಿಕ್ಕಿ ಕುಗ್ಗುತ್ತದೆ. ಹಸಿ ಮಡಕೆ ಆವಿಗೆಯಲ್ಲಿ ಕುಗ್ಗುವುದನ್ನು ಲೆಕ್ಕ ಹಿಡಿದೇ ಕುಂಬಾರ ದೊಡ್ಡದಾಗಿ ತಿರುಗಿಸುವಂತೆ, ಕಂಪ್ಯೂಟರ್ ಮೊದಲೇ ದೊಡ್ಡ ಕ್ಯಾಪ್ ಕೊರೆದಿರುತ್ತದೆ.

ಈಗ ಕಾಕಾ ಅವರ ಪ್ರಶ್ನೆಗೆ ಬರೋಣ. ಹಲ್ಲು ಹಿಂಬದಿಯದು, ನಗುವಾಗ ಕಾಣುವುದಿಲ್ಲ. ಜೋಳದ ರೊಟ್ಟಿ, ಕಬ್ಬು, ಅಡಿಕೆ ಎಲ್ಲವನ್ನೂ ಕಡಿಯುವ ಬಾಯಿ. ನನ್ನನ್ನು ಕೇಳಿದರೆ, ಅಲರ್ಜಿಯಿಲ್ಲದವರಿಗೆ ಒಳ್ಳೆಯ ಪ್ರಯೋಗಾಲಯದ ಪೂರ್ತಿ ಲೋಹದ ಕ್ಯಾಪ್ ಸಾಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಲ್ಲನ್ನು ಕಡಿಮೆ ಅರೆಯುತ್ತಾರೆ, ಒಡೆಯುವ ಭಯವಿಲ್ಲ. ದುಡ್ಡಿಗೆ ತೊಂದರೆಯಿಲ್ಲ, ಬಿಳಿಯೇ ಬೇಕು ಎಂದರೆ ಗಟ್ಟಿ ಬಗೆಯ ಜಿರ್ಕೋನಿಯಾ. ಆದರೆ ಅದನ್ನು ಕನ್ನಡಿಯಂತೆ ನಯ ಮಾಡಿರಬೇಕು. ಕಚ್ಚು ಸರಿಪಡಿಸಲು ವೈದ್ಯರು ಅರೆದ ಜಾಗವನ್ನು ಹಾಗೇ ಒರಟಾಗಿ ಬಿಟ್ಟರೆ ಅದು ಎದುರಿನ ಹಲ್ಲಿಗೆ ಅರದಂತೆ ಕೆಲಸ ಮಾಡುತ್ತದೆ. ಹೆಚ್ಚು ಜನ ಆರಿಸುವ ನಡುವಿನ ಮಾದರಿಯನ್ನು ಕೊನೆಯ ದವಡೆ ಹಲ್ಲಿಗೆ ನಾನು ಸೂಚಿಸುವುದಿಲ್ಲ, ಕಾಣದ ಅಂದಕ್ಕಾಗಿ ಹೆಚ್ಚು ಹಲ್ಲನ್ನು ಕಳೆದುಕೊಳ್ಳುವ ವ್ಯವಹಾರ ಅದು. ಕೊನೆಯ ಮಾತು ಬಾಯಿ ನೋಡಿದ ವೈದ್ಯರದೇ, ನಿಜ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನೂ ಅವರಿಗೆ ತಿಳಿಸಿ.

ವಸ್ತುವಿನ ಬಗ್ಗೆ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಕ್ಯಾಪ್ ಹುಳುಕಾಗುವುದಿಲ್ಲ, ಅದರ ಅಂಚಿನಲ್ಲಿರುವ ಹಲ್ಲು ಹುಳುಕಾಗುತ್ತದೆ. ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದು 120 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ, ಮೀರಬಾರದೆಂಬುದು 1971ರಿಂದ ದಂತವೈದ್ಯರು ಹಿಡಿದುಕೊಂಡು ಬಂದಿರುವ ಅಳತೆ. ಅದಕ್ಕಿಂತ ದೊಡ್ಡ ಸಂದಿನಲ್ಲಿ ಸಿಮೆಂಟು ಕರಗಿ, ಅನ್ನದಗುಳು ಕೂತು, ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಸರಿಯಾಗಿ ಕೂತ ಅಗ್ಗದ ಲೋಹ, ಸಡಿಲ ಕೂತ ದುಬಾರಿ ಜಿರ್ಕೋನಿಯಾಕ್ಕಿಂತ ಎಷ್ಟೋ ಮೇಲು. ಕ್ಯಾಪಿನ ಅಂಚಿನಲ್ಲಿ ಬ್ರಶ್ ಆಡದಿದ್ದರೆ ಯಾವ ವಸ್ತುವೂ ಉಳಿಸುವುದಿಲ್ಲ.

ನಿಮ್ಮ ವಯಸ್ಸಿನವರ ಬಗ್ಗೆ ಒಂದು ಮಾತು. ನಮ್ಮ ರಾಜ್ಯದ ಉತ್ತರದ ಹಲವು ಜಿಲ್ಲೆಗಳಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವ ಕೊಳವೆಬಾವಿಗಳಿವೆ. ಹಲ್ಲು ಮೂಡುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಉಳಿಯುತ್ತದೆ. ಕಾಲೇಜು ಸೇರಿದ ಹುಡುಗ ಹುಡುಗಿಯರು ಬಾಯಿ ಮುಚ್ಚಿ ನಗುವುದನ್ನು ನಾನು ಕ್ಯಾಮೆರಾ ಹಿಂದಿನಿಂದ ಎಷ್ಟೋ ಸಲ ನೋಡಿದ್ದೇನೆ. ನಾಲ್ಕು ಮುಂಬಲ್ಲಿಗೂ ಕ್ಯಾಪ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಎಳೆ ವಯಸ್ಸಿನ ಹಲ್ಲಿನಲ್ಲಿ ತಿರುಳು ದೊಡ್ಡದಾಗಿರುತ್ತದೆ, ಅರೆದರೆ ನರಕ್ಕೆ ಪೆಟ್ಟಾಗುವ ಸಂಭವ ಹೆಚ್ಚು. ಕಲೆಯ ಮೇಲ್ಪದರವನ್ನು ನವಿರಾಗಿ ತೆಗೆಯುವುದು, ಹಲ್ಲಿನ ಬಣ್ಣದ ಲೇಪ ಹಚ್ಚುವುದು ಮುಂತಾದ ಹಗುರ ಚಿಕಿತ್ಸೆಗಳಿವೆ. ಅರೆದ ಎನಾಮೆಲ್ ಮತ್ತೆ ಬರುವುದಿಲ್ಲ.

ಕ್ಯಾಪ್ ಹಾಕಿಸಿಕೊಂಡವರು ಅದು ಯಾವ ವಸ್ತು, ಯಾವ ಬಗೆ, ಯಾವ ತಾರೀಖು ಎಂಬುದನ್ನು ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಬೇಕು. ಮುಂದೆ ಆ ಹಲ್ಲು ಮತ್ತೆ ನೋಯತೊಡಗಿ ಕ್ಯಾಪ್ ತೆಗೆಯಬೇಕಾಗಿ ಬಂದರೆ, ಬೇರೆ ಊರಿನ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ. ಲೋಹವಾದರೆ ಕೊಯ್ಯುವ ಬೈರಿಗೆ ಬೇರೆ, ಜಿರ್ಕೋನಿಯಾ ಆದರೆ ವಜ್ರದ ಪುಡಿ ಕೂರಿಸಿದ ಬೈರಿಗೆಯೇ ಬೇಕು, ಹೊತ್ತೂ ಹೆಚ್ಚು ಹಿಡಿಯುತ್ತದೆ.